ಲೈಟ್ ಹೌಸಿಗೆ ಬತ್ತಿ

ಕಾಣದ್ದನ್ನು ವರ್ಣಿಸುವುದು ಕವಿಗಳಿಗೆ ಭೂಷಣ, ಮೇಷ್ಟರಿಗೆ ಅಪಾಯ. ತಪ್ಪೆಲ್ಲ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಅರ್ಧವನ್ನು ಕರೀಗೌಡನ ತಲೆಗೆ ಕಟ್ಟುವುದಕ್ಕೆ ಸುಲಭವಾಗುತ್ತದೆ. ನಾನು ಸಮುದ್ರವನ್ನು ಕಂಡವನಲ್ಲ. ನನ್ನ ಕಣ್ಣಿಗೆ ಬಿದ್ದ ದೊಡ್ಡ ನೀರೆಂದರೆ ನಮ್ಮ ಮಳವಳ್ಳಿಯ ಕೆರೆ ಕೋಡಿ ಬಿದ್ದಾಗಿನದು. ಅದನ್ನೂ ಛತ್ರಿ ಹಿಡಿದುಕೊಂಡು ದೂರದಿಂದಲೇ ನೋಡಿದ್ದು. ಇಂಥ ನಾನು ನಮ್ಮ ಸೋದರತ್ತೆ ನಂಜಮ್ಮನವರಿಗೆ, ಬೇಸಗೆ ರಜ ಬರಲಿ, ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಬರಿಯ ಸಮುದ್ರವಾದರೆ ಹೇಗಾದರೂ ತಪ್ಪಿಸಿಕೊಳ್ಳಬಹುದಾಗಿತ್ತು. ಅದರ ನಡುವೆ ಒಂದು ಪುಟ್ಟ ದ್ವೀಪ, ಆ ದ್ವೀಪದ ಮೇಲೆ ಎರಡು ಲೈಟ್ ಹೌಸು, ಅವನ್ನೂ ತೋರಿಸುತ್ತೇನೆ ಅಂದೆ. ಬಾಯಿಗೆ ಬಾಡಿಗೆ ಇಲ್ಲ ನೋಡಿ.

ಇದಕ್ಕೆಲ್ಲ ಮೂಲ ನನ್ನ ಗಂಟಲು. ದೇವರು ನನಗೆ ಸ್ವಂತ ದನಿ ಕೊಡುವುದನ್ನು ಮರೆತು ಬೇರೆಯವರ ದನಿಗಳನ್ನೆಲ್ಲ ಕೊಟ್ಟಿದ್ದಾನೆ. ನಮ್ಮ ಹೆಡ್ ಮೇಷ್ಟ್ರು ನಶ್ಯ ಏರಿಸಿ ‘ಸೈಲೆನ್ಸ್’ ಅನ್ನುವಾಗ ಕೊನೆಯ ಅಕ್ಷರ ಸೀನಿನಲ್ಲಿ ಕರಗಿಹೋಗುವುದನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ಒಮ್ಮೆ ನಾನು ಹಾಗೆ ಸೀನಿದ್ದಕ್ಕೆ ಪಕ್ಕದ ಕೋಣೆಯಿಂದ ನಿಜವಾದ ಹೆಡ್ ಮೇಷ್ಟ್ರೇ ಎದ್ದು ನಿಂತರಂತೆ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವರ ಕೂಗು, ಮಂಡ್ಯದ ಸಕ್ಕರೆ ಕಾರ್ಖಾನೆಯ ಸಿಳ್ಳು, ಮಳೆಗಾಲದಲ್ಲಿ ಹೊರಡದ ಬಸ್ಸು, ಹೊರಟರೆ ನಿಲ್ಲದ ಬಸ್ಸು, ಎಲ್ಲವೂ ನನ್ನಲ್ಲಿ ಸಿಕ್ಕುತ್ತವೆ. ಹೆಣ್ಣು ನೋಡಲು ಹೋದ ಕಡೆ ಹುಡುಗಿಯ ತಂದೆ ‘ಹುಡುಗನಿಗೆ ಏನೇನು ಬರುತ್ತೆ?’ ಅಂತ ಕೇಳಿದರು. ನಾನು ಅವರ ದನಿಯಲ್ಲೇ ‘ಹುಡುಗನಿಗೆ ಏನೇನು ಬರುತ್ತೆ?’ ಅಂದೆ. ಹಾಗಾಗಿ ಇನ್ನೂ ಮದುವೆಯಾಗಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ.

ಅತ್ತೆ ನನ್ನನ್ನು ಚಿಕ್ಕಂದಿನಿಂದ ಸಾಕಿದವರು. ಶಾನುಭೋಗಿಕೆ ಮಾಡುತ್ತಿದ್ದ ನಮ್ಮ ಮಾವ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಹೆಜ್ಜೆ ಇಟ್ಟದ್ದೇ ಅಪರೂಪ. ಅವರು ಮಾಡಿದ್ದ ಅತಿ ದೂರದ ಪ್ರಯಾಣ ಮುತ್ತತ್ತಿಯ ಆಂಜನೇಯನವರೆಗೆ. ಮಾವ ಇದ್ದಾಗ ಮನೆ ತುಂಬ ಗದ್ದಲ. ಅವರು ಹಗಲೆಲ್ಲ ಗೌಡರುಗಳ ಜೊತೆ ಕೂಗಾಡುವರು, ರಾತ್ರಿ ಗೊರಕೆ ಹೊಡೆಯುವರು. ಆ ಗೊರಕೆಗೆ ಬೀದಿಯಲ್ಲೇ ಹೆಸರಿತ್ತು. ಒಂದು ಗೊರಕೆ ಮುಗಿದು ಇನ್ನೊಂದು ಏಳುವ ತನಕ, ಬಂದ ನೆಂಟರು ಹಾಸಿಗೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ‘ಈ ಮಹಾರಾಯರ ಗೊರಕೆಯಲ್ಲಿ ನನ್ನ ಅರ್ಧ ಆಯುಸ್ಸು ಹೋಯ್ತು’ ಅಂತ ಅತ್ತೆ ಬೆಳಗಾದರೆ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ನಾನು ಜನ್ಮದಲ್ಲಿ ಮೊದಲು ಅಣಕಿಸಿದ್ದೂ ಅದನ್ನೇ. ಮೊದಲ ಏಟು ತಿಂದದ್ದೂ ಅದಕ್ಕೇ. ಇರಲಿ, ಸಮುದ್ರಕ್ಕೆ ಬರೋಣ.

ಮೈಸೂರಿನಲ್ಲಿ ಓದುವಾಗ ನನ್ನ ಹಾಸ್ಟೆಲಿನ ಕೋಣೆಯಲ್ಲಿ ಕರಾವಳಿಯ ಹುಡುಗನೊಬ್ಬನಿದ್ದ. ಊರಿನ ನೆನಪಾದಾಗಲೆಲ್ಲ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಆ ದ್ವೀಪದ ಕಥೆ ಹೇಳುತ್ತಿದ್ದ. ಹೋದ ಮಾಘದಲ್ಲಿ ಒಂದು ಸಂಜೆ ಅತ್ತೆ ಜಗಲಿಯ ಮೇಲೆ ಕೂತು ಸುಮ್ಮನೆ ಬೀದಿ ನೋಡುತ್ತಿದ್ದರು. ಅವರು ಹಾಗೆ ಸುಮ್ಮನೆ ಕೂತರೆ ನನಗೆ ತಡೆಯುವುದಿಲ್ಲ. ಏನಾದರೂ ಮಾಡಿ ನಗಿಸಬೇಕು. ಹೆಡ್ ಮೇಷ್ಟರನ್ನು ಮಾಡಿದೆ, ನಗಲಿಲ್ಲ. ಬಸ್ಸು ಮಾಡಿದೆ, ನಗಲಿಲ್ಲ. ಸರಕೆಲ್ಲ ಮುಗಿದು ಕೊನೆಗೆ, ‘ಅತ್ತೆ, ಸಮುದ್ರ ಮಾಡ್ತೀನಿ ಕೇಳಿ’ ಅಂದು ಆ ಹುಡುಗನ ದ್ವೀಪವನ್ನು ನನ್ನದೇ ಮಾಡಿಕೊಂಡು ಶುರುಮಾಡಿದೆ. ದೂರದಿಂದ ಒಂದು ಅಲೆ ಗುರುಗುಟ್ಟಿಕೊಂಡು ಬರುತ್ತದೆ. ಹತ್ತಿರ ಬರುತ್ತ ಬರುತ್ತ ಏರುತ್ತದೆ. ಏರಿ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಪುಸ್ಸೆಂದು ದಡದ ಮೇಲೆ ಒಡೆದು ಹಿಂದಕ್ಕೆ ಸರಿಯುತ್ತದೆ. ಆ ದನಿ ನನ್ನ ಗಂಟಲಿಗೆ ಎಲ್ಲಿಂದ ಬಂತೋ ನನಗೇ ಆಶ್ಚರ್ಯವಾಯಿತು. ಅಷ್ಟು ಸಲೀಸು, ಅಷ್ಟು ಪಳಗಿದ ದನಿ. ಕಣ್ಣು ಬಿಟ್ಟು ನೋಡಿದರೆ ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

‘ನಿಜವಾದ ಸಮುದ್ರ ಹೀಗೇ ಕೇಳಿಸುತ್ತೇನೋ ಸೀನು?’

‘ಹೀಗೇ ಅತ್ತೆ. ಎಳ್ಳಷ್ಟೂ ವ್ಯತ್ಯಾಸ ಇಲ್ಲ.’

‘ರಾತ್ರಿ ಹೊತ್ತೂನೂವೆ?’

‘ಹಗಲೂ ರಾತ್ರಿ. ಒಂದು ಗಳಿಗೆ ನಿಲ್ಲೋದಿಲ್ಲ.’

ಅತ್ತೆ ಕಣ್ಣು ತೆರೆದು ನೆಟ್ಟಗೆ ಕೂತರು. ಆಮೇಲೆ, ‘ಹಾಗಿದ್ರೆ ಒಂದು ಸಲ ಕರಕೊಂಡು ಹೋಗೋ’ ಅಂದರು. ನನ್ನನ್ನು ಸಾಕಿದ ಇಷ್ಟು ಕಾಲದಲ್ಲಿ ಅವರು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಸೂರ್ಯ ಚಂದ್ರರನ್ನು ಸಾಕ್ಷಿ ಕರೆದು ಹೂಂಗುಟ್ಟಿದೆ.

ಅಲ್ಲಿಂದ ಮುಂದೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ‘ಎಲ್ಲಿ, ಒಂದಿಷ್ಟು ಸಮುದ್ರ ಮಾಡು’ ಎನ್ನುವುದು ಅವರ ಪದ್ಧತಿಯಾಯಿತು. ನಾನು ಮಾಡುವುದು, ಅವರು ಕಣ್ಣು ಮುಚ್ಚುವುದು. ನನ್ನ ಕಲೆಗೆ ಇಂಥ ರಸಿಕರು ಸಿಕ್ಕಿದ್ದೇ ಇಲ್ಲ. ನಾನು ಉಬ್ಬಿ ಉಬ್ಬಿ ಅಲೆಗಳ ಗಾತ್ರವನ್ನೂ ಹೆಚ್ಚಿಸುತ್ತ ಹೋದೆ. ಲೈಟ್ ಹೌಸಿನ ವಿಚಾರವಾಗಿ ಮಾತ್ರ ಕೊಂಚ ತೊಡಕಾಯಿತು. ‘ದೀಪಸ್ತಂಭ’ ಅಂದರೆ ಅತ್ತೆಗೆ ದೇವಸ್ಥಾನದ ಮುಂದಿನ ದೀಪದ ಕಂಬವೇ ಕಣ್ಣಿಗೆ ಬರುವುದು. ಪುಟ್ಟ ದ್ವೀಪಕ್ಕೆ ಎರಡು ಯಾಕೆ ಎಂದು ಕೇಳಿದರು. ‘ಮೊದಲಿಂದು ಹಳೇದಾಗಿ ಆರಿಸಿಬಿಟ್ಟರಂತೆ. ಪಕ್ಕದಲ್ಲೇ ಹೊಸದು ಕಟ್ಟಿದರಂತೆ’ ಅಂದೆ.

‘ಹಳೇದನ್ನ ಕೆಡವಲಿಲ್ವೆ?’

‘ಇಲ್ಲ. ಹಾಗೇ ನಿಂತಿದೆಯಂತೆ.’

‘ಒಳ್ಳೆಯವರು’ ಅಂದರು ಅತ್ತೆ.

ಮಾರನೆಯ ದಿನದಿಂದಲೇ ಅರಳೆ ತರಿಸಿ ಬತ್ತಿ ಹೊಸೆಯುವುದಕ್ಕೆ ಕೂತರು. ಅಷ್ಟೆತ್ತರದ ದೀಪಕ್ಕೆ ಹೂಬತ್ತಿ ಸಾಲದು ಎಂದು ಎಳೆಗೆ ಎಳೆ ಸೇರಿಸಿ ಹೊಸೆದರು, ಹೊಸೆದದ್ದನ್ನು ಹುರಿ ಮಾಡಿದರು. ಯುಗಾದಿಯ ಹೊತ್ತಿಗೆ ಅದು ನನ್ನ ಮುಂಗೈ ದಪ್ಪವಾಗಿ, ತೇರಿಗೆ ಕಟ್ಟಿ ಎಳೆಯಬಹುದು ಎನ್ನುವಂತಾಯಿತು. ‘ಹೊಸದಕ್ಕೆ ಸರ್ಕಾರದವರು ಹಾಕ್ಕೋತಾರೆ, ಇದು ಆ ಆರಿಹೋದದ್ದಕ್ಕೆ’ ಅಂದರು. ನಾನು ನಗಬೇಕೆಂದು ಬಾಯಿ ತೆರೆದೆ. ಯಾಕೋ ನಗು ಬರಲಿಲ್ಲ.

ರಜ ಹತ್ತಿರ ಬಂದಂತೆಲ್ಲ ನನ್ನ ಎದೆಯೂ ಅಲೆಯಂತೆ ಏರಿ ಇಳಿಯತೊಡಗಿತು. ಮದ್ದೂರಿಗೆ ಹೋಗಿ ರೈಲು ಹತ್ತಬೇಕು, ಮೈಸೂರು, ಹಾಸನ, ಅಲ್ಲಿಂದ ಬಸ್ಸಿನಲ್ಲಿ ಘಾಟಿ ಇಳಿಯಬೇಕು, ಆಮೇಲೆ ದೋಣಿ. ಅತ್ತೆಯ ಮಡಿಗೆ ದಾರಿಯುದ್ದಕ್ಕೂ ಬಾವಿನೀರು ಎಲ್ಲಿಂದ ತರಲಿ? ನಿಜ ಹೇಳುವುದಾದರೆ ನನ್ನ ಪ್ರವಾಸದ ಅರ್ಧ ಆಸೆ ಮದ್ದೂರು ಸ್ಟೇಷನ್ನಿನಲ್ಲೇ ಮುಗಿಯುವಂಥದು: ಅತ್ತೆ ಆಚೆ ತಿರುಗಿದಾಗ ಬಿಸಿ ವಡೆ ಒಂದು ಬಾಯಿಗೆ ಸೇರಿದರೆ ನನಗೆ ಅದೇ ದ್ವೀಪ. ಉಳಿದ ಅರ್ಧ ಬರೀ ಭಯ. ನಿಜವಾದ ಸಮುದ್ರದ ಮುಂದೆ ಅತ್ತೆ ನಿಂತು, ಅದನ್ನು ಕೇಳಿ, ನನ್ನ ಕಡೆ ತಿರುಗಿ ‘ಇದೇನೋ, ಹಾಗಿಲ್ಲವಲ್ಲೋ?’ ಅಂದುಬಿಟ್ಟರೆ?

ಆಗ ಸಿಕ್ಕಿದವನು ಕರೀಗೌಡ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಬುದ್ಧಿವಂತ, ಬೇಗ ಬಿಟ್ಟು ಗದ್ದೆ ನೋಡಿಕೊಂಡ. ನಾನು ಓದುತ್ತ ಹೋಗಿ ಮೇಷ್ಟರಾದೆ. ಅವನ ಹತ್ತಿರ ಒಳ್ಳೆಯ ಕಮಾನು ಗಾಡಿ, ಹಳ್ಳಿಕಾರ್ ಎತ್ತಿನ ಜೋಡಿ ಇದ್ದವು. ಮದ್ದೂರಿನ ತನಕ ಗಾಡಿ ಕೇಳೋಣ ಎಂದು ಹೋದವನು, ಇಂಗ್ಲಿಷ್ ಕಲಿತ ಜಂಭಕ್ಕೆ, ‘ಲೈಟ್ ಹೌಸ್ ಇರೋ ಐಲೆಂಡಿಗೆ ಹೊರಟಿದೀವಿ ಕಣೋ’ ಅಂದೆ.

‘ಐಲೆಂಡು ಅಂದ್ರೆ ಸುತ್ತ ನೀರು, ನಡೂಕೆ ನೆಲ, ಅಲ್ವೇನ್ಲಾ?’ ಅಂದ ಕರೀಗೌಡ.

‘ಹೌದು.’

‘ಅಲ್ಲಿ ಲೈಟ್ ಅವುಸದೆ?’

‘ಇದೆ.’

‘ನಂಜಮ್ಮಾರು ಸಮುದ್ರ ನೋಡ್ಬೇಕು ಅಂತವ್ರೆ?’

‘ಹೌದು ಕಣೋ. ಹೇಗೆ ಕರಕೊಂಡು ಹೋಗೋದೋ ತಿಳೀದೆ ಒದ್ದಾಡ್ತಿದೀನಿ.’

‘ಅದುಕ್ಯಾಕ್ಲಾ ಇಷ್ಟ್ ಒದ್ದಾಟ? ಸುಕ್ರವಾರ ಕೋಳಿ ಕೂಗೋ ಒತ್ಗೆ ಗಾಡಿ ಕಟ್ಕಂಡ್ ಬತ್ತೀನಿ. ಎಲ್ಲಾ ನಂಗ್ ಬುಡು.’

ನಾನು ಬಿಟ್ಟೆ. ಶುಕ್ರವಾರ ನಸುಕಿಗೇ ಗಾಡಿ ಬಂತು. ಅತ್ತೆ ಮಡಿಬಟ್ಟೆಯ ಗಂಟು, ಅರಳುಹಿಟ್ಟು, ಒಂದು ತಂಬಿಗೆ ಬಾವಿನೀರು, ಮಡಿಲಲ್ಲಿ ಆ ಮಹಾಬತ್ತಿ, ಇಷ್ಟನ್ನು ಇಟ್ಟುಕೊಂಡು ಹುಲ್ಲಿನ ಮೆತ್ತೆಯ ಮೇಲೆ ಕೂತರು. ನಾನು ವಡೆಯ ಕನಸು ಕಾಣುತ್ತ ಮಲಗಿಬಿಟ್ಟೆ. ಎದ್ದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮದ್ದೂರಿಗೆ ಹೋಗುವಾಗ ಬಲಗೆನ್ನೆಗೆ ಬೀಳಬೇಕಾದ ಬಿಸಿಲು ಎಡಗೆನ್ನೆಗೆ ಬೀಳುತ್ತಿದೆ. ಗಾಡಿ ಮದ್ದೂರಿಗೆ ಬೆನ್ನು ಮಾಡಿ ತೆಂಕಲಿಗೆ ಹೋಗುತ್ತಿತ್ತು.

‘ಲೇ ಕರೀಗೌಡ, ಎಲ್ಲಿಗೋ ಹೊಡೀತಿದೀಯ?’

‘ಸಿವನಸಮುದ್ರಕ್ಕೆ ಕಣ್ಲಾ. ಇನ್ನೆಲ್ಲಿಗೆ?’ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ‘ಸುತ್ತ ನೀರು ಅಂದೆ, ಎಲ್ಡೂ ಕಡೆ ಕಾವೇರಮ್ಮ ಅವ್ಳೆ. ಲೈಟ್ ಅವುಸು ಅಂದೆ, ಬೆಂಗ್ಳೂರು ಮೈಸೂರ್ಗೆಲ್ಲ ಲೈಟು ಅಲ್ಲಿಂದ್ಲೇ ಓಗೋದು. ಸಮುದ್ರ ಅಂದೆ, ಎಸ್ರಲ್ಲೇ ಅದೆ. ಇನ್ನೇನ್ಲಾ ಬೇಕು ನಿಂಗೆ?’

‘ಲೈಟ್ ಹೌಸು ಎರಡಿರಬೇಕಲ್ಲೋ!’ ಎಂದು ಮುಳುಗುವವನ ಹಾಗೆ ಅರಚಿದೆ.

‘ಸಿಂಸದ ತಾವ ಇನ್ನೊಂದು ಕಟ್ತಾವ್ರೆ. ಎಲ್ಡೂ ನೋಡ್ಬೇಕು ಅಂದ್ರೆ ಬರೋ ವರ್ಸ ಬಾ.’

ನಾನು ಅಲ್ಲೇ ಗಾಡಿ ತಿರುಗಿಸು ಅನ್ನಬೇಕಾಗಿತ್ತು. ಅನ್ನಲಿಲ್ಲ. ಈ ತಪ್ಪಿನಲ್ಲಿ ಕರೀಗೌಡನ ಪಾಲು ಅಲ್ಲಿಗೆ ಮುಗಿಯಿತು, ಉಳಿದದ್ದು ನನ್ನದು. ನನ್ನ ಸುಳ್ಳು ಬಯಲಾಗದೆ ಉಳಿಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು. ಅತ್ತೆಯ ಕಡೆ ನೋಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಲೆ ಬಗ್ಗಿಸಿಕೊಂಡು ಬತ್ತಿಯ ತುದಿಯನ್ನು ಬೆರಳಿನಲ್ಲಿ ಹೊಸೆಯುತ್ತಿದ್ದರು. ಅದೇ ನನಗೆ ಚುಚ್ಚಿತು.

ಹಳೆಯ ಕಲ್ಲುಸೇತುವೆ ದಾಟಿ ನಡುಗಡ್ಡೆಗೆ ಹೋದೆವು. ಮೊದಲು ರಂಗನಾಥನ ಗುಡಿ. ಹಾಯಾಗಿ ಮಲಗಿದ್ದ ಸ್ವಾಮಿಯನ್ನು ನೋಡಿ ನಾನು, ಅತ್ತೆಯ ಮುಖ ಗೆಲುವಾಗಲಿ ಎಂದು, ‘ಕ್ಷೀರಸಮುದ್ರದ ಮೇಲೆ ಮಲಗಿರ್ತಾನಲ್ಲ ಅತ್ತೆ, ಅಷ್ಟು ಸದ್ದಿನಲ್ಲಿ ಇವನಿಗೆ ನಿದ್ದೆ ಹೇಗೆ ಬರುತ್ತೋ!’ ಅಂದೆ.

‘ಅಭ್ಯಾಸ ಆದರೆ, ಸದ್ದು ನಿಂತರೇ ನಿದ್ದೆ ಬರಲ್ಲ ಕಣೋ’ ಅಂದು ಅತ್ತೆ ಪ್ರದಕ್ಷಿಣೆಗೆ ಹೊರಟುಬಿಟ್ಟರು.

ಆಮೇಲೆ ಜಲಪಾತದ ಹತ್ತಿರ ಹೋದೆವು. ಕಡುಬೇಸಗೆ. ಕರೀಬಂಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ದಾರದ ಹಾಗೆ ನೀರು ಇಳಿಯುತ್ತಿತ್ತು. ಸದ್ದು ಅನ್ನುವುದಕ್ಕೆ ಒಬ್ಬರು ಕೈ ತೊಳೆದಷ್ಟು. ಕರೀಗೌಡನಿಗೇ ನಾಚಿಕೆಯಾಯಿತು. ‘ನೀರೆಲ್ಲ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಓಯ್ತದೆ ಅವ್ವಾರೇ’ ಅಂದ. ಅತ್ತೆ ಬತ್ತಿ ತೋರಿಸಿ, ‘ಹಾಗಿದ್ರೆ ಇದನ್ನ ಆ ಲೈಟಿನ ಮನೆಯೋರಿಗಾದ್ರೂ ಕೊಡಬಹುದೇನಪ್ಪ?’ ಎಂದು ಕೇಳಿದರು. ‘ಅಲ್ಲಿ ಬತ್ತಿ ಇಲ್ಲ, ಎಣ್ಣೆ ಇಲ್ಲ ಕಣವ್ವ. ನೀರ್ನಾಗೇ ಉರೀತದೆ’ ಎಂದು ಹೇಳಿ ಅವನು ಎತ್ತುಗಳಿಗೆ ಹುಲ್ಲು ಹಾಕುವ ನೆವದಲ್ಲಿ ದೂರ ಸರಿದ.

ಬತ್ತಿಯನ್ನು ಮಡಿಲಿಗೆ ಮರಳಿ ಇಟ್ಟುಕೊಂಡು ಅತ್ತೆ ಒಂದು ಬಂಡೆಯ ನೆರಳಿನಲ್ಲಿ ಕೂತರು. ಇಡೀ ಊರಿನ ದನಿಗಳನ್ನು ಗಂಟಲಲ್ಲಿ ಇಟ್ಟುಕೊಂಡಿದ್ದ ನನಗೆ ಆಗ ಒಂದೂ ನೆನಪಾಗಲಿಲ್ಲ. ಬಂದದ್ದು ಯಾರದೋ ಗೊತ್ತಿಲ್ಲದ ಸಣ್ಣ ದನಿ, ನನ್ನದೇ ಇರಬೇಕು.

‘ಅತ್ತೆ, ತಪ್ಪಾಯ್ತು. ನಾನು ಸಮುದ್ರ ಕಂಡೋನೇ ಅಲ್ಲ. ನಾನು ಮಾಡ್ತಿದ್ದದ್ದು ಸಮುದ್ರವೇ ಅಲ್ಲವೋ ಏನೋ. ದಿನಾ ಸಂಜೆ ನಿಮಗೆ ಮೋಸ ಮಾಡಿದೆ.’

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ದಿನದ ಮೇಲೆ, ಬಾವಿಕಟ್ಟೆಯಲ್ಲಿ ನಗುತ್ತಿದ್ದ ಹಾಗೆ ನಕ್ಕರು. ಬಂಡೆಗೆ ಒರಗಿಕೊಂಡು ಕಣ್ಣು ಮುಚ್ಚಿಕೊಂಡರು.

‘ಮೋಸ ಎಲ್ಲಿ ಬಂತೋ ಪೆದ್ದ? ಅದು ನಿಮ್ಮ ಮಾವನ ಗೊರಕೆ ಅಂತ ಮೊದಲನೇ ದಿನವೇ ಗೊತ್ತಾಯ್ತು. ಎಲ್ಲೋ ಒಂದು ಕಡೆ ಅದು ಹಗಲೂ ರಾತ್ರಿ ನಿಲ್ಲದೆ ಕೇಳಿಸುತ್ತೆ ಅಂತ ನೀನಂದೆ, ನಾನು ನಂಬಿ ಹೊರಟೆ. ಇಲ್ಲದಿದ್ರೆ ಉಪ್ಪುನೀರು ನೋಡೋಕೆ ನನಗೇನು ಹುಚ್ಚೇ? ಮಾತು ಸಾಕು, ಮಾಡು, ಗಾಡಿ ಕಟ್ಟೋದರೊಳಗೆ ಒಂದು ನಿದ್ದೆ ತೆಗೀತೀನಿ.’