ಸಾಹುಕಾರರ ಮಿಲ್ಲಿನಲ್ಲಿ ನನ್ನದೊಂದು ಗೋದಾಮು

ಮನುಷ್ಯರಲ್ಲಿ ಎರಡೇ ಜಾತಿ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಎಸೆಯುವವರದು ಒಂದು, ಇಟ್ಟುಕೊಳ್ಳುವವರದು ಇನ್ನೊಂದು. ನಾನು ಮೊದಲನೆಯ ಜಾತಿ, ನನ್ನ ಹೆಂಡತಿ ಗಿರಿಜಾ ಎರಡನೆಯದು. ಜಾತಕ ನೋಡಿದವರು ಇದನ್ನು ಹೇಗೆ ಬಿಟ್ಟರೋ ತಿಳಿಯದು. ಖಾಲಿಯಾದ ಉಪ್ಪಿನಕಾಯಿ ಬಾಟಲಿ, ಜೋಡಿ ಕಳೆದುಕೊಂಡ ಕಾಲುಚೀಲ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದಕೈ, ಇವೆಲ್ಲ ಅವಳಿಗೆ ಆಸ್ತಿ, ನನಗೆ ಕಸ. ಹೋದ ದಸರಾದಲ್ಲಿ ಮನೆ ಸ್ವಚ್ಛ ಮಾಡುವಾಗ ಕಡ್ಡಿ ಮುರಿದ ಕೊಡೆಯೊಂದನ್ನು ಅವಳ ಕಣ್ಣೆದುರಿಗೇ ಒಯ್ದು ಕಸದ ಗಾಡಿಗೆಂದು ಬಾಗಿಲ ಹೊರಗಿಟ್ಟೆ. "ಇರಲಿ ಬಿಡ್ರಿ, ಒಂದಿನ ಬೇಕಾಗತದ" ಎಂದಳು. "ಆ ಒಂದಿನ ಈ ಜನ್ಮದಾಗ ಬರಂಗಿಲ್ಲ" ಎಂದು ಕೈ ಝಾಡಿಸಿಕೊಂಡೆ. ಈ ಗುಣವನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಕೆಲಸಕ್ಕೂ ತೆಗೆದುಕೊಂಡು ಹೋದೆ.

ನನ್ನ ಕೆಲಸ ರಾಯಚೂರಿನಲ್ಲಿ, ಶರಣಪ್ಪ ಸಾಹುಕಾರರ ರೈಸ್ ಮಿಲ್ಲಿನಲ್ಲಿ. ಅಕ್ಕಿಗೂ ನನಗೂ ಊಟದ ಹೊತ್ತು ಬಿಟ್ಟರೆ ಸಂಬಂಧವಿಲ್ಲ, ನಾನು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನು. ಸಾಹುಕಾರರಿಗೆ ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ಮಿಲ್ಲು ಬೇರೆ ಇವೆ. ನೆಲ್ಲು ಹೊತ್ತ ಟ್ರ್ಯಾಕ್ಟರು ಕಾಟಾದ ಮೇಲೆ ಹತ್ತಿದರೆ ತೂಕ ಓದಿ, ಖಾಲಿ ಗಾಡಿಯ ತೂಕ ಕಳೆದು, ರೈತನ ಕೈಗೆ ಚೀಟಿ ಕೊಡುವ ಸಾಫ್ಟ್‌ವೇರ್ ನಾನು ಬರೆದದ್ದು. ಈಗಿನ ಪದ್ಧತಿಯಲ್ಲಿ ಇಂಥದ್ದನ್ನು ಬಿಡಿಬಿಡಿಯಾಗಿ ಕಳಿಸುವುದಿಲ್ಲ. ಬೇಕಾದ ಸಾಮಾನನ್ನೆಲ್ಲ ಸೇರಿಸಿ, ಬುತ್ತಿ ಕಟ್ಟಿದ ಹಾಗೆ, ಒಂದೇ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಕಂಟೇನರ್ ಇಮೇಜ್ ಎಂಬುದು ಅದರ ದೊಡ್ಡ ಹೆಸರು. ಆ ಡಬ್ಬಿಗಳನ್ನು ಇಡುವ ಗೋದಾಮಿಗೆ ರಿಜಿಸ್ಟ್ರಿ ಎನ್ನುತ್ತಾರೆ. ಮೊದಲು ನಾವು ಇಂಟರ್ನೆಟ್ಟಿನಲ್ಲಿ ಯಾರದೋ ಬಿಟ್ಟಿ ಗೋದಾಮು ಬಳಸುತ್ತಿದ್ದೆವು. ಮೂರು ಮಿಲ್ಲಿನವರೂ ನಾಲ್ಕು ಸಲ ಕೇಳಿದರೆ ಸಾಕು, "ಇವತ್ತಿಗೆ ಆಯಿತು, ಆಮೇಲೆ ಬಾ" ಎಂದು ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ನಮಗೆ ಸ್ವಂತದ್ದೇ ಬೇಕು ಎಂದು ಹೆದರುತ್ತ ಸಾಹುಕಾರರಿಗೆ ಹೇಳಿದೆ.

ಅವರಿಗೆ ನನಗಿಂತ ಬೇಗ ಅರ್ಥವಾಯಿತು. "ಮಂದಿ ಗೋದಾಮಿನ್ಯಾಗ ನಮ್ಮ ಮಾಲು ಯಾಕ ಇಡಬೇಕ್ರಿ? ನಮ್ದ ಒಂದು ಕಟ್ರಿ, ಎಂಜಿನಿಯರ್ ಸಾಹೇಬ್ರ. ಅಂದಂಗ, ಎಷ್ಟು ಚೀಲ ಹಿಡಿತದ?" ಎಂದರು.

ಮಿಲ್ಲಿನಲ್ಲಿ ಹೊಟ್ಟಿನ ಧೂಳು ಬಾರದ ಕೋಣೆ ಒಂದೇ, ದೇವರ ಫೋಟೋಗಳಿರುವ ಆಫೀಸಿನ ಹಿಂದಿನ ಕೋಣೆ. ದೇವರ ಮಾಡದ ಕೆಳಗೇ ಗೋದಾಮಿನ ಸರ್ವರ್ ಇಟ್ಟೆ. ಕರೆಂಟು ಹೋದರೂ ನಿಲ್ಲದಂತೆ ಪಕ್ಕದಲ್ಲಿ ಯುಪಿಎಸ್ ಇಟ್ಟೆ. ಗೋದಾಮು ಎದ್ದು ನಿಂತಿತು ಎಂದು ಹಿಗ್ಗುವಷ್ಟರಲ್ಲಿ ಮಾನ್ವಿ, ದೇವದುರ್ಗದ ಕಂಪ್ಯೂಟರುಗಳು ಅದರಿಂದ ಡಬ್ಬಿ ಇಳಿಸಿಕೊಳ್ಳಲು ಒಪ್ಪಲಿಲ್ಲ. ಗುರುತಿಲ್ಲದವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಅವುಗಳಿಗೆ ಹುಟ್ಟಿನಿಂದಲೇ ಪಾಠವಾಗಿರುತ್ತದೆ. ಇದು ನಮ್ಮದೇ ಮನೆಯದು ಎಂದು ಒಂದೊಂದಕ್ಕೂ ಗುರುತಿನ ಪತ್ರ ಒಪ್ಪಿಸಲು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಾನ್ವಿಗೆ ಹೋದೆ, ಅಲ್ಲಿಂದ ಸಿರವಾರದಲ್ಲಿ ಇಳಿದು ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ದೇವದುರ್ಗದ ಬಸ್ಸು ಹಿಡಿದೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ವಿನಯದಿಂದ ನನ್ನ ಪರಿಚಯ ಹೇಳಿಕೊಂಡಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಸುಸೂತ್ರ. ಆದರೆ ಗೋದಾಮು ತುಂಬತೊಡಗಿತು. ಸಣ್ಣ ತಿದ್ದುಪಡಿಗೂ ಹೊಸ ಡಬ್ಬಿ ಬರುತ್ತದೆ, ಹಳೆಯದು ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಹೊಸದೊಂದನ್ನು ಉಳಿಸಿ ಹಳೆಯದನ್ನೆಲ್ಲ ಅಳಿಸುವ ಏರ್ಪಾಡು ಮಾಡುತ್ತೇನೆ ಎಂದಾಗ ಸಾಹುಕಾರರ ಮುಖ ಬಾಡಿತು. "ಹೊಸ ಅಕ್ಕಿ ಅನ್ನ ಮುದ್ದಿ ಆಗತದ್ರಿ. ಹಳೇದು ಇರಲಿ" ಎಂದರು. ಇದು ಅಕ್ಕಿಯಲ್ಲ ಎಂದು ಮನಸ್ಸಿನಲ್ಲೇ ನಕ್ಕು, ನನ್ನದೇ ಸರಿ ಎಂದು ಮುಂದುವರಿದೆ. ಅಳಿಸಲು ಆರಿಸಿದ ದಿನದ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಅಮಾವಾಸ್ಯೆಯಂದು ಮೂರೂ ಮಿಲ್ಲು ಬಂದ್, ಗೋದಾಮಿನ ಕಡೆ ಯಾರೂ ಬರುವುದಿಲ್ಲ. ಯಂತ್ರಕ್ಕೆ ಅಮಾವಾಸ್ಯೆ ಎಂದರೆ ತಿಳಿಯದಾದ್ದರಿಂದ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಹಾಕಿ, ಮಧ್ಯಾಹ್ನದ ಹೊತ್ತು ಕೊಟ್ಟೆ. ಹಿಂದಿನ ದಿನವೇ ಹೊಸ ಡಬ್ಬಿಯನ್ನು ಗೋದಾಮಿಗೆ ಸೇರಿಸಿಟ್ಟು, ಅಮಾವಾಸ್ಯೆಯ ದಿನ ಮನೆಯಲ್ಲಿ ಹೋಳಿಗೆ ತಿಂದು ಮಲಗಿದೆ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಸುಗ್ಗಿಯ ಜನ ಮಾನ್ವಿ ಮಿಲ್ಲಿನ ಮುಂದೆ ಸೇರಿದ್ದರು. ಮೋಡವೂ ಸೇರಿತ್ತು. ಹೊಸ ಡಬ್ಬಿ ಮಾನ್ವಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಕಾಟಾ ನೋಡಿಕೊಳ್ಳುವ ಖಾದರ್ ಭಾಯಿಯ ಫೋನು ಬಂತು.

"ಸಾರ್, ನಿಮ್ಮ ಹೊಸಾದು ಟ್ರ್ಯಾಕ್ಟರನೂ ನೆಲ್ಲು ಅಂತ ಖರೀದಿ ಮಾಡಾಕತ್ತದ್ರಿ."

ಖಾಲಿ ಗಾಡಿಯ ತೂಕ ಕಳೆಯುವ ಸಾಲನ್ನೇ ನಾನು ಹೊಸ ಡಬ್ಬಿಯಲ್ಲಿ ಕೆಡಿಸಿದ್ದೆ. ಮೊದಲ ರೈತ ಚೀಟಿಯನ್ನು ಟೋಪಿಯೊಳಗೆ ಇಟ್ಟುಕೊಂಡು, ಕಂಪ್ಯೂಟರ್ ಸುಳ್ಳು ಹೇಳುತ್ತದೇನು ಎಂದು ಕೇಳುತ್ತಿದ್ದಾನಂತೆ. "ಕೈಲೆ ಕಳದು ಬರದು ಕೊಡ್ರಿ ಭಾಯಿ" ಎಂದೆ. "ಕೈ ಚೀಟಿ ನಂಬಬ್ಯಾಡ್ರಿ ಅಂತ ಹೋದ ವರ್ಷ ನೀವಽ ಬಂದು ಭಾಷಣ ಮಾಡೀರಲ್ರಿ ಸಾರ್! ಒಬ್ರೂ ತಗೊಳ್ಳಾಕ ಒಲ್ಲರು. ಟ್ರ್ಯಾಕ್ಟರ್ ಸಾಲು ರೋಡಿಗಿ ಹೋಗ್ಯದ. ಮಳಿ ಹನಿ ಬಿತ್ತಂದ್ರ ನೆಲ್ಲು ಮೊಳಕಿ ಬರತದ್ರೀ" ಎಂದ. ಅವನ ಹಿಂದೆ ಜನರ ಕೂಗಾಟ ಕೇಳುತ್ತಿತ್ತು.

ಹಳೆಯ ಡಬ್ಬಿಯನ್ನು ಮತ್ತೆ ಹಾಕಿದರೆ ಮುಗಿಯಿತು. ಆದರೆ ಹೊಸದು ಬಂದಕೂಡಲೇ ಹಳೆಯದನ್ನು ಎಸೆ ಎಂದು ಮಾನ್ವಿಯ ಕಂಪ್ಯೂಟರಿಗೂ ನಾನೇ ಹೇಳಿಟ್ಟಿದ್ದೆ. ಗೋದಾಮಿನದು ನಿನ್ನೆ ಮಧ್ಯಾಹ್ನ ನನ್ನ ಅಪ್ಪಣೆಯಂತೆ ಅಳಿಸಿಹೋಗಿರಬೇಕು. ತಪ್ಪು ತಿದ್ದಿ ಮತ್ತೆ ಡಬ್ಬಿ ಕಟ್ಟಿ ಕಳಿಸುವುದಕ್ಕೆ ಅರ್ಧ ದಿನವಾದರೂ ಬೇಕು, ಮೋಡ ಅಷ್ಟು ಹೊತ್ತು ಕಾಯುವ ಹಾಗಿರಲಿಲ್ಲ. ರೈತರು ಒಂದು ವರ್ಷ ದುಡಿದು ಬೆಳೆದ ನೆಲ್ಲು ನನ್ನ ಶುಚಿತ್ವದ ಹುಚ್ಚಿಗೆ ಬೀದಿಯಲ್ಲಿ ನೆನೆಯುತ್ತದಲ್ಲ ಎಂದು ನನ್ನನ್ನೇ ಬೈದುಕೊಂಡೆ. ಸುಮ್ಮನೆ, ಸತ್ತವರ ಮನೆಗೆ ಹೋಗಿ ಮುಖ ನೋಡಿ ಬರುವ ಹಾಗೆ, ಗೋದಾಮನ್ನು ತೆರೆದು ನೋಡಿದೆ.

ಹಳೆಯ ಡಬ್ಬಿ ಅಲ್ಲೇ ಇತ್ತು! ಅದರ ಹಿಂದಿನದೂ ಇತ್ತು, ಅದರ ಹಿಂದಿನದೂ ಇತ್ತು. ನಾನು ಹೇಳಿದ ಒಂದು ಮಾತನ್ನೂ ಯಂತ್ರ ಕೇಳಿರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿ, ಹಳೆಯದನ್ನು ಮಾನ್ವಿಗೆ ಇಳಿಸಿದೆ. "ಬಂತ್ರಿ ಸಾರ್! ಗಾಡಿ ಕಳದು ಬಂತು!" ಎಂದು ಖಾದರ್ ಭಾಯಿ ಕೂಗಿದಾಗ ನನಗೆ ನಿಜವಾಗಿಯೂ ಕಣ್ಣೀರು ಬಂತು. ಮೊದಲ ರೈತನನ್ನೂ ಮತ್ತೆ ಕಾಟಾಕ್ಕೆ ಹತ್ತಿಸಿದರಂತೆ. ಕೊನೆಯ ಟ್ರ್ಯಾಕ್ಟರು ಶೆಡ್ಡಿನೊಳಗೆ ಹೋದ ಸುದ್ದಿ ಸಂಜೆ ಬಂದಾಗ ಮಳೆಗೂ ಸುರಿಯಲು ಆಗಷ್ಟೇ ಪುರುಸೊತ್ತಾಗಿತ್ತು.

ಕಾರಣ ತಿಳಿಯಲು ಹಿಂದಿನ ಕೋಣೆಗೆ ಹೋದೆ. ಸರ್ವರಿನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇತ್ತು, ನೆತ್ತಿಯ ಮೇಲೊಂದು ಬಾಡಿದ ಚೆಂಡುಹೂ. ದೀಪ ಹಚ್ಚುತ್ತಿದ್ದ ಸಾಹುಕಾರರ ತಾಯಿ ಬಸಮ್ಮನವರು ನನ್ನನ್ನು ನೋಡಿ, "ನಿನ್ನೆ ಮುಂಜಾನಿ ನಾನಽ ಇದನ್ನ ಬಂದ್ ಮಾಡಿದ್ದೆ ಯಪ್ಪಾ. ಗಿರಣಿಗೆಲ್ಲ ಅಮಾಸಿ, ಇದಕ್ಕ ಇಲ್ಲೇನು? ಪಾಪ, ಯಾವಾಗ ನೋಡಿದ್ರೂ ಗುಂಯ್ ಅಂತಿರತದ. ಮೇನ್ ಸ್ವಿಚ್ ತಗದ್ರ ಮಗ್ಗಲದ್ದು ಕುಂಯ್ ಕುಂಯ್ ಅಂತ ಅಳಾಕತ್ತಿತು. ಅದರ ಬಟನ್ ಒತ್ತಿ ಅದನ್ನೂ ಮಲಗಿಸಿದೆ. ದೀಪ ಹಚ್ಚೂ ಹೊತ್ತಿಗಿ ಎಬ್ಬಿಸೀನಿ. ಏನರ ತಪ್ಪಾತೇನು?" ಎಂದರು.

"ಇಲ್ಲ ಯವ್ವಾ, ಏನೂ ತಪ್ಪಾಗಿಲ್ಲ" ಎಂದೆ. ನಾನು ಅಳಿಸಲು ಕೊಟ್ಟ ಮಧ್ಯಾಹ್ನದ ಹೊತ್ತು ಯಂತ್ರದ ನಿದ್ದೆಯಲ್ಲೇ ಕಳೆದುಹೋಗಿತ್ತು. ಆ ಕ್ಷಣ ಅವರ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಸಾಹುಕಾರರು ಒಳಗೆ ಬಂದು, "ಹಳೇ ಮಾಲು ಕಾದಿಟ್ಟಿದ್ರಿ ಅಂತಲ್ರಿ, ಖಾದರ್ ಹೇಳಿದ. ನನ್ನ ಮಾತು ಕೇಳಿದ್ರಿ, ಗೆದ್ರಿ!" ಎಂದು ಬೆನ್ನು ತಟ್ಟಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ತಗ್ಗಿಸುವುದರಲ್ಲಿ ಸುಳ್ಳೇನೂ ಇಲ್ಲ. ಬಸಮ್ಮನವರು ನನ್ನ ಮುಖವನ್ನೊಮ್ಮೆ ನೋಡಿ, ಕೈಗೆ ಒಂದು ತುಂಡು ಕೊಬ್ಬರಿ ಕೊಟ್ಟರು. ತಾಯಿ ಮಗ ಇಬ್ಬರೂ ಹೊರಗೆ ಹೋದಮೇಲೆ ಅಳಿಸುವ ಏರ್ಪಾಡನ್ನೇ ಅಳಿಸಿದೆ.

ಹೊರಗೆ ಬಂದರೆ ರಾಯಚೂರಿನಲ್ಲೂ ಮಳೆ. ಬೆಳಿಗ್ಗೆ ಮೋಡ ನೋಡಿ ಗಿರಿಜಾ ಬ್ಯಾಗಿನಲ್ಲಿ ಏನೋ ತುರುಕಿದ್ದು ನೆನಪಾಗಿ ಕೈ ಹಾಕಿದೆ. ಕೊಡೆ. ಬಿಚ್ಚಿದಾಗ ಗುರುತು ಹತ್ತಿತು. ದಸರಾದಲ್ಲಿ ನಾನು ಎಸೆದದ್ದೇ ಅದು, ಮುರಿದ ಕಡ್ಡಿಗೆ ಹಸಿರು ದಾರ ಸುತ್ತಿ ಬಿಗಿದಿತ್ತು. ಇಷ್ಟು ವರ್ಷಗಳಲ್ಲಿ ನಾನು ಎಸೆದದ್ದೆಲ್ಲ ನಿಜವಾಗಿ ಮನೆ ಬಿಟ್ಟು ಹೋಗಿದೆಯೇ ಎಂಬ ಅನುಮಾನ ಮೊದಲ ಸಲ ಬಂತು. ಮನೆಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ. ಕೇಳಿ ಏನು ಮಾಡಬೇಕು ಎಂದುಕೊಂಡು, ಅದೇ ಕೊಡೆಯ ಕೆಳಗೆ ಒಂದು ಹನಿಯೂ ಮೈಗೆ ತಾಗದಂತೆ, ಎಸೆಯುವ ಜಾತಿಯವನ ಗತ್ತಿನಿಂದಲೇ ಮನೆಯ ಕಡೆ ನಡೆದೆ.