ಟಿಪ್ಪರಿನಲ್ಲಿ ಕೂತ ಚೌಡಿ

ಎಣ್ಣೆ ತುಂಬಿದ ಯಂತ್ರಗಳ ಜೊತೆ ಬದುಕಿದವನಿಗೆ ಇಂಥವು ಆಗ್ತಾನೇ ಇರ್ತವೆ. ಆಗುವಾಗ ಬೆವರು ಇಳಿಯತ್ತೆ, ನಗು ಬರೋದೆಲ್ಲ ಆಮೇಲೆ.

ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಸಾಗರ ಪೇಟೆಯಲ್ಲಿ ಗೋಲಿಸೋಡಾ ಮಾರುತ್ತಿದ್ದ ನಾನು, ವ್ಯಾಪಾರ ಕೈಹತ್ತದೆ, ಎರಡು ಮಕ್ಕಳ ತಂದೆಯಾದ ಮೇಲೆ ಒಬ್ಬ ಕಂಟ್ರಾಕ್ಟರನ ವರ್ಕ್‌ಶಾಪು ಸೇರಿದೆ. ಅಲ್ಲಿ ನನಗೆ ಗುರು ಅಂದರೆ ತೀರ್ಥಹಳ್ಳಿ ಕಡೆಯ ಮೇಸ್ತ್ರಿ. ದೊಡ್ಡ ಹೊಟ್ಟೆ, ಸಣ್ಣ ದನಿ, ಮೂಗಿನ ತುದೀಲಿ ಸಿಟ್ಟು. ಒಂದೊಂದು ಭಾಗ ತೋರಿಸಿ ಹೆಸರು ಹೇಳಿ, "ಬರ್ಕೋ" ಅನ್ನೋರು. ಎಣ್ಣೆ ತುಂಬೋ ಕೊಳವೆ ಸಿಲಿಂಡರ್. ಅದರೊಳಗೆ ಸರಿದಾಡೋದು ಪಿಸ್ಟನ್. ಅದರಿಂದ ಹೊರಗೆ ಬರೋ ಹೊಳೆಯೋ ಸರಳು ರಾಡ್. ಎಣ್ಣೆ ನುಸುಳದ ಹಾಗೆ ತಡೆಯೋದು ಸೀಲ್. ನಾನು ಮಗಳ ಹಳೇ ಕಾಪಿಪುಸ್ತಕದಲ್ಲಿ ಬರ್ಕೊಳ್ತಿದ್ದೆ.

ಅವರದ್ದು ಒಂದೇ ಕಟ್ಟುಪಾಡು. ಟಿಪ್ಪರಿನ ತೊಟ್ಟಿ ಎತ್ತಿದ ಮೇಲೆ ಅಡಿಗೆ ಮತ್ತಿಮರದ ದಿಮ್ಮಿ ಆನಿಸದೆ ಯಾರೂ ತಲೆ ಹಾಕಬಾರದು. ದಿಮ್ಮಿ ಇಲ್ಲದೆ ತಲೆ ಹಾಕಿದ ಅವರ ಜೊತೆಗಾರನೊಬ್ಬ ಎದ್ದು ಬಂದಿರಲಿಲ್ಲವಂತೆ. "ಎಣ್ಣೆ ನಂಬಬೇಡ, ಮರ ನಂಬು" ಅನ್ನೋರು. ಅದನ್ನೂ ಬರ್ಕೊಂಡಿದ್ದೆ.

೧. ನಡುಕ

ನಮ್ಮ ಟಿಪ್ಪರಿನ ಡ್ರೈವರು ಮುಳುಗಡೆ ಊರಿನವನು. ಮನೆ ಬಿಡೋವಾಗ ಊರವರ ಪಾತ್ರೆ ಪಗಡೆ ಎಲ್ಲ ಅದೇ ಟಿಪ್ಪರಿನಲ್ಲಿ ಸಾಗಿಸಿದ್ದ. ಊರು ಕಾಯೋ ದೇವತೆ, ಕಾಡಂಚಿನ ಚೌಡಿಯ ಕಲ್ಲನ್ನೂ ತಂದಿದ್ದ. ಕಲ್ಲು ಇಳಿಸಿದರೂ ಚೌಡಿ ಇಳೀಲಿಲ್ಲ, ಟಿಪ್ಪರಿನಲ್ಲೇ ಕೂತಿದಾಳೆ ಅಂತ ಅವನ ನಂಬಿಕೆ.

ಒಂದು ಬೆಳಿಗ್ಗೆ, ಹಿಂದಿನ ದಿನ ಎಣ್ಣೆ ಬದಲಾಯಿಸಿದ್ದ ಟಿಪ್ಪರಿನ ತೊಟ್ಟಿ ಎತ್ತಿದರೆ ಅದು ನೆಟ್ಟಗೆ ಏಳಲಿಲ್ಲ. ಗೇಣು ಏಳೋದು, ನಿಲ್ಲೋದು, ಗಡಗಡ ನಡುಗೋದು, ನರಳೋದು. ಮಂಜಿನಲ್ಲಿ ನಿಂತು ಆ ನರಳಾಟ ಕೇಳಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸುದ್ದಿ ಹೋಗಿದ್ದೇ ತಡ, ಮುಳುಗಡೆ ಊರಿನ ಅಜ್ಜಿಯೊಬ್ಬಳು ಅರಿಶಿನ ಹಿಡಿದು ಬಂದಳು. ತೊಟ್ಟಿಗೆ ಕೈ ಮುಗಿದು, "ಹೊಸ ಜಾಗದ ಬಾವೀಲಿ ನೀರು ಸಿಗ್ತದನಾ ತಾಯಿ?" ಅಂದಳು. ತೊಟ್ಟಿ ಎರಡು ಸಲ ನಡುಗಿತು. ಅಜ್ಜಿ ಕಣ್ಣೊರೆಸಿಕೊಂಡಳು.

ಮೇಸ್ತ್ರಿ ಬಂದು ಒಂದು ನಟ್ಟು ಸಡಿಲಿಸಿದರು. ಉಸ್ಸ್ ಅಂತ ಉದ್ದಕ್ಕೆ ಗಾಳಿ ಹೋಯಿತು, ನಡುಕ ನಿಂತಿತು. "ಎಣ್ಣೆ ಜೊತೆ ಗಾಳಿ ಸೇರಿತ್ತು. ಸೋಡಾ ಮಾರಿದವನಿಗೆ ಇಷ್ಟೂ ತಿಳೀಲಿಲ್ವನಾ? ಗಾಳಿ ಹಿಸುಕಬಹುದು, ಎಣ್ಣೆ ಹಿಸುಕಕ್ಕಾಗಲ್ಲ. ಬರ್ಕೋ" ಅಂದರು.

ಅಜ್ಜಿಗೆ ಸಿಟ್ಟು ಬಂತು. "ಅಷ್ಟೆಂತ ಅರ್ಜೆಂಟಿತ್ತಾ ನಿಂಗೆ? ನಾನಿನ್ನೂ ಸೊಸೆ ವಿಷಯ ಕೇಳೋದಿತ್ತು" ಅಂದಳು.

೨. ಮಟಮಟ ಮಧ್ಯಾಹ್ನ

ಇನ್ನೊಂದು ದಿನ ಬೆಳಗಿನ ಚಳಿಯಲ್ಲಿ ತೊಟ್ಟಿ ಎತ್ತಿ, ಅಡಿಗೆ ದಿಮ್ಮಿಯನ್ನು ಬಿಗಿಯಾಗಿ ಆನಿಸಿ, ಬೇರೆ ಕೆಲಸಕ್ಕೆ ಹೋಗಿದ್ದೆವು. ಮಧ್ಯಾಹ್ನ ಸುಡೋ ಬಿಸಿಲು. ಅಂಗಳದಲ್ಲಿ ನರಪಿಳ್ಳೆ ಇಲ್ಲ. ಡ್ರೈವರು ಟಿಪ್ಪರಿನ ಪಕ್ಕ ಬುತ್ತಿ ಬಿಚ್ಚಿ ಕೂತಿದ್ದನಂತೆ. ಯಾರೂ ಮುಟ್ಟಿಲ್ಲ, ಗಾಳಿ ಬೀಸಿಲ್ಲ, ಆ ದಿಮ್ಮಿ ತಾನಾಗೇ ವಾಲಿ ಧಡ್ ಅಂತ ಅವನ ಕಾಲ ಬಳಿ ಬಿತ್ತು. ನಾವು ಓಡಿ ಹೋದಾಗ ತೊಟ್ಟಿ ಬೆಳಿಗ್ಗೆಗಿಂತ ಬೆರಳಷ್ಟು ಮೇಲೆದ್ದಿತ್ತು. ಎಂಜಿನ್ ತಣ್ಣಗಿತ್ತು.

"ಬಿಸಿಲಿಗೆ ಎಣ್ಣೆ ಉಬ್ಬಿದೆ, ರಾಡನ್ನ ತಳ್ಳಿದೆ, ದಿಮ್ಮಿ ಸಡಿಲಾಗಿದೆ. ಬರ್ಕೋ" ಅಂದರು ಮೇಸ್ತ್ರಿ. ಬಿದ್ದ ದಿಮ್ಮಿಯ ಮೇಲೆ ಒಂದು ಕಣ್ಣಿಟ್ಟೇ ಬರ್ಕೊಂಡೆ, ನಿಜ ಹೇಳ್ತೀನಿ.

ಡ್ರೈವರು ಕೇಳಬೇಕಲ್ಲ. "ಚೌಡಿ ಗಾಡಿಯಿಂದ ಇಳಿದಳು ಮಾರಾಯ್ರೆ. ಈ ಮರದಲ್ಲಿ ಇಳಿದಳು" ಅಂದ. ಸಂಜೆಯೊಳಗೆ ದಿಮ್ಮಿಯನ್ನು ಅಂಗಳದ ಮಾವಿನ ಬುಡದಲ್ಲಿ ನೆಟ್ಟು, ಅಡಿಯಿಂದ ಮುಡಿಗೆ ಕುಂಕುಮ ಬಳಿದು, ಕಾಯಿ ಒಡೆದಾಗಿತ್ತು. ಮೇಸ್ತ್ರಿ ಎಷ್ಟು ಕೂಗಾಡಿದರೂ ಅದನ್ನು ಮುಟ್ಟೋಕೆ ಒಬ್ಬನೂ ಮುಂದೆ ಬರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಚೌಡಿಗೆ ಮೊದಲ ಹೂವು ಏರಿಸಿದ್ದು, ಹೊಸನಗರದಿಂದ ತನಿಖೆಗೆ ಬಂದಿದ್ದ ಎಂಜಿನಿಯರು.

೩. ಇಳಿತ

ಅದಾಗಿ ಎಂಟು ದಿನಕ್ಕೆ ಸಿಲಿಂಡರಿನಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಬ್ಯಾಟರಿ ಚಾರ್ಜಿಗೆ ಹೋಗಿತ್ತು, ಎಂಜಿನ್ ಚಾಲೂ ಮಾಡೋ ಹಾಗಿರಲಿಲ್ಲ, ತೊಟ್ಟಿ ಎತ್ತಿದ್ದು ಎತ್ತಿದ ಹಾಗೇ ಇತ್ತು. ಮೇಸ್ತ್ರಿ ದಿಮ್ಮಿ ಕೇಳಿದರು. ಡ್ರೈವರು ಮಾವಿನ ಮರಕ್ಕೆ ಅಡ್ಡ ನಿಂತ. ನಾನೂ ಅದನ್ನು ಕೀಳೋಕೆ ಹೋಗಲಿಲ್ಲ.

"ನಿಮ್ಮ ಮರ ನಿಮಗಿರ್ಲಿ. ಐದು ನಿಮಿಷದ ಕೆಲಸ" ಅಂತ ಸಿಟ್ಟಿನಲ್ಲಿ ಮೇಸ್ತ್ರಿ ಹಾಗೇ ಅಡಿಗೆ ನುಗ್ಗಿ, ತೊಟ್ಟಿ ಹೊರೋ ಕಬ್ಬಿಣದ ಚೌಕಟ್ಟು ಚಾಸಿಯ ಮೇಲೆ ಅಂಗಾತ ಮಲಗಿದರು. ತಮ್ಮ ಕಟ್ಟುಪಾಡು ತಾವೇ ಮುರಿದದ್ದು ಅದೊಂದೇ ಸಲ.

ಮತ್ತೆ ಮಧ್ಯಾಹ್ನ, ಮತ್ತೆ ಅದೇ ಮೌನ. ನಾನು ರಾಡನ್ನೇ ನೋಡುತ್ತಿದ್ದೆ. ಅದರ ಮೇಲೊಂದು ಇರುವೆ ಕೂತಿತ್ತು. ಇರುವೆ ಕದಲಲಿಲ್ಲ, ಆದರೆ ರಾಡಿನ ಜೊತೆ ಕೆಳಗೆ ಬರುತ್ತಿತ್ತು. ತೊಟ್ಟಿ ಸದ್ದಿಲ್ಲದೆ ಇಳೀತಿತ್ತು.

"ಮೇಸ್ತ್ರಿ, ಇಳೀತಾ ಇದೆ. ಹೊರಗೆ ಬನ್ನಿ" ಅಂದೆ.

"ಗೊತ್ತು. ಒಳಗಿನ ಸೀಲ್ ಹೋಗಿದೆ. ಎತ್ತಿದ್ದು ತಾನಾಗೇ ಜಾರೋದಕ್ಕೆ ಡ್ರಿಫ್ಟ್ ಅಂತಾರೆ. ಬರ್ಕೋ."

ಅಭ್ಯಾಸಬಲ, ಬರ್ಕೊಂಡೆ. ತಲೆ ಎತ್ತಿದರೆ ಮೇಸ್ತ್ರಿ ಹೊರಗೆ ಬರಲು ಹೊರಳುತ್ತಿದ್ದಾರೆ, ತೊಟ್ಟಿ ಹೊಟ್ಟೆ ಮುಟ್ಟಿದೆ, ಆಗ್ತಿಲ್ಲ. ಆ ಸಣ್ಣ ದನಿ ಇನ್ನೂ ಸಣ್ಣದಾಗಿ, "ಬರೆದದ್ದು ಸಾಕು ಮಾರಾಯ" ಅಂದಿತು.

ಪುಸ್ತಕ ಎಸೆದು ಮಾವಿನ ಬುಡಕ್ಕೆ ಓಡಿದೆ. ಚೌಡಿಯೋ ಗೀಡಿಯೋ, ಎರಡೂ ಕೈಯಲ್ಲಿ ತಬ್ಬಿ ಅಲ್ಲಾಡಿಸಿದೆ. ದಿಮ್ಮಿ ಜಗ್ಗಲಿಲ್ಲ. ತಿರುಗಿ ನೋಡಿದರೆ ಡ್ರೈವರೂ ಅಳುತ್ತಾ ತಬ್ಬಿದ್ದ. "ತಪ್ಪಾಯ್ತು ತಾಯಿ, ಬಾ" ಅಂದ. ಕಿತ್ತು ಬಂತು. ಇಬ್ಬರೂ ಹೊತ್ತು ತಂದು ಚಾಸಿಗೂ ತೊಟ್ಟಿಗೂ ನಡುವೆ ಓರೆಯಾಗಿ ನೂಕಿದೆವು. ಮರ ಕಿರ್ರೆಂದಿತು. ತೊಟ್ಟಿ ನಿಂತಿತು.

ಮೇಸ್ತ್ರಿಯನ್ನು ಕಾಲು ಹಿಡಿದು ಎಳೆದೆವು. ಅಂಗಿ ಅಲ್ಲೇ ಉಳಿಯಿತು, ಮನುಷ್ಯ ಬಂದರು. ನಾನು ಅವರನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ಅವರು ಮಾತ್ರ ಕುಂಕುಮದ ಆ ಮರವನ್ನೇ ನೋಡುತ್ತಿದ್ದರು.

ಮರುದಿನ ಸೀಲ್ ಬದಲಿಸಬೇಕಿತ್ತು. "ಸಾಮಾನು ಬರ್ಕೋ" ಅಂದರು. "ಸೀಲ್ ಎರಡು. ಸ್ಪ್ಯಾನರ್ ಒಂದು. ಹಳೇ ಬಟ್ಟೆ ಒಂದು ಹಿಡಿ." ಡ್ರೈವರು ಹತ್ತಿರ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ಕುಂಕುಮ ಒಂದು ಪೊಟ್ಟಣ. ಯಾಕೆ ಅಂತ ಕೇಳಿದ್ರೆ, ದಿಮ್ಮಿಗೆ ತುಕ್ಕು ಹಿಡೀಬಾರದು ಅಂತ ಬರಿ."

"ಮರಕ್ಕೆ ತುಕ್ಕು ಹಿಡಿಯಲ್ವಲ್ಲ ಮೇಸ್ತ್ರಿ."

"ಹಚ್ಚಿದ ಮೇಲೆ ಹ್ಯಾಗೆ ಹಿಡೀತದೆ?" ಅಂದರು.