ಅರ್ಧ ಮಶೀನು, ಅರ್ಧ ಮೌಲಾಲಿ

ಗುರಣ್ಣನ ಮದುವೆ ಒಂದು ಗಿಳಿಯ ಕೊಕ್ಕಿನಲ್ಲಿ ಸಿಕ್ಕಿಕೊಂಡಿತು. ಗಿಳಿ ಇದ್ದದ್ದು ಊಟದ ಗಂಗಾಳದಲ್ಲಿ.

ಆಳಂದದ ಪೇಟೆಯಲ್ಲಿ ಗುರಣ್ಣನದು ಭಾಂಡೆ-ಪಾತ್ರೆಗಳ ಅಂಗಡಿ. ಗಲಾಟೆಯ ದಿನಗಳು ಮುಗಿದು, ಗಡಿಯಲ್ಲಿ ಮುಚ್ಚಿದ್ದ, ಹಿರೋಳ್ಳಿ ಮೇಲೆ ಹಾಯುವ ಸೊಲ್ಲಾಪುರದ ದಾರಿ ತೆರೆದದ್ದೇ ತಡ, ಊರೆಲ್ಲ ಉಸಿರು ಬಿಟ್ಟಿತು; ಗುರಣ್ಣ ಅಲ್ಲಿಂದ ಗಂಗಾಳ ತರಿಸಿದ. ಮಶೀನಿನಲ್ಲಿ ಒತ್ತಿದ ಹಿತ್ತಾಳೆ, ಕೂಸಿನ ಕೆನ್ನೆಯಷ್ಟು ನುಣುಪು. ಅದರ ಮೇಲೆ ನಕಾಶಿ ಕೆಲಸದ ಮೌಲಾಲಿಯ ಕೈಯಿಂದ ಬಳ್ಳಿ, ಹೂವು, ನಡುವೆ ಒಂದು ಗಿಳಿ ಕೆತ್ತಿಸಿ ಕಲಾಯಿ ಹಾಕಿಸಿದ.

"ಅರ್ಧ ಮಶೀನು, ಅರ್ಧ ಮೌಲಾಲಿ! ಬರ್ರಿ, ನೋಡ್ರಿ!" ಎಂದು ಕೂಗಿದ.

ಹಳೇ ಮಂದಿ "ಮಶೀನಿಂದು ಬ್ಯಾಡ" ಎಂದರು. ಹೊಸ ಮಂದಿ "ಬಳ್ಳೀದು ಬ್ಯಾಡ" ಎಂದರು. ವ್ಯಾಪಾರವೂ ಅರ್ಧವೇ ಆಯಿತು: ಜನ ಬಂದರು, ಕೊಳ್ಳಲಿಲ್ಲ.

ಇಂಥದ್ದರಲ್ಲಿ ಅಫಜಲಪುರದ ಜಗದೇವಪ್ಪ, ಹೆಂಡತಿ ಸುಭದ್ರಾಬಾಯಿಯೊಂದಿಗೆ ಮಗಳಿಗಾಗಿ ಗುರಣ್ಣನನ್ನು ನೋಡಲು ಬಂದರು. ಹಿಂದೆ ಬಂದ ಸಂಬಂಧಗಳೆಲ್ಲ ಚಹಾ ಕುಡಿದು ಎದ್ದು ಹೋಗಿದ್ದವು. ಗುರಣ್ಣನ ತಲೆಗೂದಲೂ ಅವುಗಳ ಹಿಂದೆಯೇ ಹೊರಟಿತ್ತು.

"ಇದೂ ಕೂಡಿ ಬರಲಿಲ್ಲಂದ್ರ ಅಂಗಡ್ಯಾಗಿನ ಕೊಡದ ಜೋಡಿನs ನಿನ್ನ ಲಗ್ನ ಮಾಡ್ತೇನಿ ನೋಡು!" ಎಂದು ತಾಯಿ ಗುರುಶಾಂತಮ್ಮ ಎಚ್ಚರಿಸಿದ್ದಳು.

ಗುರಣ್ಣ ಹೊಸ ಗಂಗಾಳವನ್ನೇ ಇಟ್ಟ. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಪುಂಡಿಪಲ್ಯ. ಜಗದೇವಪ್ಪ ಬೆರಳು ಚೀಪುತ್ತ ಉಂಡರು.

ಆಮೇಲೆ ಶುರುವಾಯಿತು. ಉಂಡ ಗಂಗಾಳದಲ್ಲಿ ಒಂದು ಅಗುಳೂ ಬಿಡದೆ, ಪ್ರಸಾದವೆಂದು ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದೇ ಏಳುವುದು ಅವರ ಪದ್ಧತಿ. ನೀರು ಹಾಕಿದರು, ತೊಳೆದರು, ಕುಡಿದರು. ನೋಡಿದರೆ ಕೆತ್ತಿದ ಬಳ್ಳಿಯ ಗೀರುಗಳ ತುಂಬ ಪುಂಡಿಪಲ್ಯ ಚಿಗುರಿತ್ತು.

"ಇನ್ನೊಂದೀಟು ನೀರ್ ಹಾಕ್ರಿ."

ಕುಡಿದರು. ಹೂವಿನ ಎಸಳಿನಲ್ಲಿ ಹೂರಣ.

"ಹಾಕ್ರಿ ಇನ್ನೊಂದೀಟು."

ಕುಡಿದರು. ಗಿಳಿಯ ಕೊಕ್ಕಿನಲ್ಲಿ ಬೇಳೆ. ಅವರ ಹೊಟ್ಟೆಗೆ ನೀರಿಳಿದಷ್ಟೂ ಗುರಣ್ಣನ ಮೈಯಿಂದ ನೀರಿಳಿಯತೊಡಗಿತು.

ಬಾಗಿಲಲ್ಲಿ ನೆರೆಯವರು ನೆರೆದರು.

"ಕಾಯ್ದೆ ಪ್ರಕಾರ ಗಿಳಿ ಬಾಯಾಗ ಹೋದದ್ದು ಗಿಳೀದು. ಬಿಟ್ಟುಬಿಡ್ರಿ," ಎಂದರು ವಕೀಲ ದತ್ತಾತ್ರೇಯ.

"ಪ್ರಸಾದ ಬಿಡಾಕ ಹ್ಯಾಂಗ್ ಬರ್ತದ್ರೀ ವಕೀಲ್ರ? ಒಂದು ಕಡ್ಡಿ ಕೊಡ್ರಿ ಅವರಿಗೆ," ಎಂದಳು ಪಕ್ಕದ ಮನೆಯ ಹೀರಾಬಾಯಿ.

ಕಡ್ಡಿ ಬಂತು. ಅದರ ತುದಿ ಮುರಿದು ಗಿಳಿಯ ಕಣ್ಣಿನಲ್ಲಿ ಕೂತಿತು. ಸುದ್ದಿ ಕೇಳಿ ಓಡಿಬಂದ ಮೌಲಾಲಿ ತಲೆಗೆ ಕೈಹಚ್ಚಿದ. "ಯಾ ಅಲ್ಲಾ! ನನ್ನ ಗಿಳೀಗಿ ಕುರುಡ ಮಾಡಬ್ಯಾಡ್ರಿ ಸಾಹೇಬ್ರ!"

ಗುರಣ್ಣ ತಡೆಯಲಾರದೆ ಗಂಗಾಳಕ್ಕೆ ಕೈಹಾಕಿದ. "ಕೊಡ್ರಿ ಯಜಮಾನ್ರ, ನಾ ತೊಳೀತೇನಿ."

"ನನ್ನ ಪ್ರಸಾದ ನಿನಗ್ಯಾಕ ಬೇಕೋ ತಮ್ಮಾ?" ಎಂದು ಜಗದೇವಪ್ಪ ಅದನ್ನು ಎದೆಗವಚಿಕೊಂಡರು.

ಕಡೆಗೂ ಗಿಳಿ ಬಾಯಿ ಬಿಟ್ಟಿತು. ಜಗದೇವಪ್ಪ ಎದ್ದರು. ಅವರು ನಡೆದರೆ ಹೊಟ್ಟೆಯಲ್ಲಿ ಅಮರ್ಜಾ ಹೊಳೆ ತುಳುಕುವ ಸದ್ದು.

ಎರಡನೇ ಪಂಕ್ತಿ ಹೆಂಗಸರದು. ಗಂಡನ ಪಾಡು ಕಣ್ಣಾರೆ ಕಂಡ ಸುಭದ್ರಾಬಾಯಿ ಗಂಗಾಳದ ಮೇಲೆ ಎರಡೂ ಕೈ ಅಡ್ಡ ಹಿಡಿದರು. "ಒಂದs ರೊಟ್ಟಿ ಸಾಕ್ರಿ. ಒಣಾದು. ಪಲ್ಯಾ ಬ್ಯಾಡ, ತುಪ್ಪ ಬ್ಯಾಡ, ಹೋಳಿಗಿ ಅಂತೂ ಬ್ಯಾಡೇ ಬ್ಯಾಡ."

ಹೋಳಿಗೆ ಎಂದರೆ ಕನಸಿನಲ್ಲೂ ಎದ್ದು ಕೂರುವ ಹೀರಾಬಾಯಿ ಕೂಡ ಹಿಂದೆ ಸರಿದಳು. "ನಂದು ಇವತ್ತು ಸೋಮವಾರದ ಉಪಾಸ ಅದ."

"ಸೋಮವಾರ ನಿನ್ನೆ ಆತಲ್ಲಬೇ!" ಎಂದಳು ಗುರುಶಾಂತಮ್ಮ.

"ನಿನ್ನೆ ಮರತಿದ್ದೆ. ಇವತ್ತು ಮಾಡಾಕತ್ತೇನಿ."

ಹೋಳಿಗೆಯ ರಾಶಿ ಹಾಗೆಯೇ ಉಳಿಯಿತು. ಜಗದೇವಪ್ಪ ರಾಶಿಯನ್ನು ನೋಡಿದರು, ಗಂಗಾಳ ನೋಡಿದರು, ಗುರಣ್ಣನನ್ನು ಮೂಲೆಗೆ ಕರೆದರು.

"ತಮ್ಮಾ, ಹುಡುಗಿ ಕೊಟ್ಟೆ."

"ಖರೇನ್ರೀ ಮಾವ?" ಗುರಣ್ಣನ ಎದೆಯ ಮೇಲಿನ ಹೇರು ಎತ್ತಿನ ಬಂಡಿಯ ಸಮೇತ ಇಳಿಯಿತು.

"ಖರೇನೇ. ಆದ್ರ ಒಂದs ಕರಾರು. ಲಗ್ನದ ಊಟದ ಖರ್ಚು ನನ್ನ ತಲೀ ಮ್ಯಾಲ ಅದ. ಎಲ್ಲಾರಿಗೂ ಇವೇ ಗಂಗಾಳ ಹಾಕ್ಬೇಕು. ಮೊದಲನೇ ಪಂಕ್ತಿ ಏಳೂದು ನೋಡಿದವ್ರು ಎರಡನೇ ಪಂಕ್ತ್ಯಾಗ ಹೋಳಿಗಿ ಮುಟ್ತಾರೇನು?"

ಮೌಲಾಲಿ ಹಿಗ್ಗಿದ. ಗುರುಶಾಂತಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಚಿಂತೆ ಹೋದದ್ದೇ ತಡ, ಗುರಣ್ಣನ ಹಸಿವೆ ತಿರುಗಿ ಬಂತು. ಬೆಳಗಿನಿಂದ ಅವನು ಒಂದು ತುತ್ತೂ ಮುಟ್ಟಿರಲಿಲ್ಲ. ಅತ್ತೆಯಾಗಲಿರುವ ಸುಭದ್ರಾಬಾಯಿ ಹೊಸ ಗಂಗಾಳ ಒರೆಸಿ ಇಟ್ಟು, ಹೋಳಿಗೆಯ ಬುಟ್ಟಿಯನ್ನೇ ಎಳೆದುಕೊಂಡರು.

"ಬರ್ರಿ ಅಳಿಯಂದ್ರ. ನಿಮ್ಮ ಗಂಗಾಳದಾಗ ನೀವೂ ಹೊಟ್ಟಿತುಂಬ ಉಣ್ರಿ. ನಾವೆಲ್ಲಾ ಕುಂತು ನೋಡ್ತೇವಿ."

ಓಣಿಯ ಮಂದಿ ಬಾಗಿಲಿನಿಂದ ಒಳಗೆ ಬಂದು ಅನುಕೂಲವಾಗಿ ಕೂತರು. ಹೀರಾಬಾಯಿ ತುಂಬಿದ ಕೊಡವನ್ನೇ ತಂದಿಟ್ಟಳು. ಗುರಣ್ಣ ತುಪ್ಪದಲ್ಲಿ ಹೊಳೆಯುವ ಹೋಳಿಗೆ ನೋಡಿ ಉಗುಳು ನುಂಗಿದ.

"ಹಸಿವಿಲ್ರಿ ಅತ್ತಿ."

ಜಗದೇವಪ್ಪ ತೊಡೆ ತಟ್ಟಿದರು. "ನೋಡಿದೇನ ಸುಭದ್ರಾ! ಈ ಗಂಗಾಳ ಇಟ್ರ ಅಳ್ಯಾನೂ ಉಣ್ಣಂಗಿಲ್ಲ!"